ಜಲಾಂತರ್ಗಾಮಿ ನೋಡಲು ಹೊರಟಿರಾ? ಅತ್ತೆಯನ್ನೂ ಒಂದು ಮಾತು ಕೇಳಿ

ಮಕ್ಕಳ ರಜೆಗೆ ವಿಶಾಖಪಟ್ಟಣಕ್ಕೆ ಹೋಗುವ ಯೋಚನೆ ಇದೆಯೇ? ಹಾಗಾದರೆ ರಾಮಕೃಷ್ಣ ಬೀಚಿನಲ್ಲಿರುವ ಐಎನ್‌ಎಸ್ ಕುರ್ಸುರಾ ನೋಡದೆ ಬರಬೇಡಿ. ಸುಮಾರು 91 ಮೀಟರ್ ಉದ್ದದ ಈ ಜಲಾಂತರ್ಗಾಮಿ ಸೋವಿಯತ್ ಒಕ್ಕೂಟದಲ್ಲಿ ತಯಾರಾಗಿ 1969ರಲ್ಲಿ ನಮ್ಮ ನೌಕಾಪಡೆ ಸೇರಿತು. 1971ರ ಯುದ್ಧದಲ್ಲಿ ಅರಬ್ಬಿ ಸಮುದ್ರದಲ್ಲಿ ಗಸ್ತು ತಿರುಗಿತು. 2001ರಲ್ಲಿ ನಿವೃತ್ತಿಯಾದ ಮೇಲೆ ದಡಕ್ಕೆಳೆದು, 2002ರಲ್ಲಿ ಮ್ಯೂಸಿಯಂ ಮಾಡಿದರು.

ನಾವು ಹೋದಾಗ ನಾನೊಂದು ತಪ್ಪು ಮಾಡಿದೆ. ಮೆಟ್ಟಿಲು ಹತ್ತಬೇಕು, ಒಳಗೆ ಇಕ್ಕಟ್ಟು ಅಂತ ಕೇಳಿ, ಮಂಡಿನೋವಿರುವ ಅತ್ತೆಯವರನ್ನು ಹೊರಗೆ ಕೂರಿಸಿ ಚಪ್ಪಲಿ, ಬ್ಯಾಗು ಕಾಯಲು ಬಿಟ್ಟೆವು. ರಾತ್ರಿ ಅವರು ಹೇಳಿದ್ದು ಒಂದೇ ಮಾತು: 'ನನ್ನ ಮಂಡಿ ನಂಗೆ ಗೊತ್ತು ಕಣಮ್ಮ. ಆಗುತ್ತಾ ಅಂತ ನನ್ನೇ ಕೇಳಬಹುದಿತ್ತಲ್ಲ?' ಆ ರಾತ್ರಿ ನಂಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಮತ್ತೆ ಟಿಕೆಟ್ ತೆಗೆದುಕೊಂಡೆವು. ಮೊಮ್ಮಗನ ಕೈ ಹಿಡಿದು ನಿಧಾನವಾಗಿ ಹತ್ತಿದರು. ಒಳಗೆ ಎಲ್ಲೆಲ್ಲೂ ಪೈಪು, ಮೀಟರು, ಚಕ್ರ. ಟಾರ್ಪಿಡೊ ಪಕ್ಕದಲ್ಲೇ ನಾವಿಕರು ಮಲಗುವ ಹಲಗೆಗಳು. ನೀರಿನೊಳಗೆ ಓಡುವುದು ಬ್ಯಾಟರಿಯಿಂದ. ಅದನ್ನು ಚಾರ್ಜ್ ಮಾಡಲು ಡೀಸೆಲ್ ಎಂಜಿನ್ ಬೇಕು, ಎಂಜಿನ್‌ಗೆ ಗಾಳಿ ಬೇಕು. ಅದಕ್ಕೇ ಆಗಾಗ ಮೇಲಕ್ಕೆ ಬರಲೇಬೇಕಿತ್ತು. ಕುಡಿಯುವ ನೀರೂ ಅಳತೆಯದು. ದಿನಾ ಸ್ನಾನದ ಮಾತೇ ಇಲ್ಲ!

ಪುಟಾಣಿ ಅಡುಗೆಮನೆ ಮುಂದೆ ಅತ್ತೆ ನಿಂತೇಬಿಟ್ಟರು. 'ಇಷ್ಟು ಜಾಗದಲ್ಲಿ ಎಪ್ಪತ್ತೈದು ಜನಕ್ಕೆ ಅಡುಗೆಯಾ? ನೀನು ನಮ್ಮ ಅಡುಗೆಮನೆ ಚಿಕ್ಕದು ಅಂತೀಯಲ್ಲ!' ವಿವರ ಹೇಳುತ್ತಿದ್ದ ನಿವೃತ್ತ ನಾವಿಕರಿಗೆ ಮಕ್ಕಳಿಗಿಂತ ಹೆಚ್ಚು ಪ್ರಶ್ನೆ ಕೇಳಿದ್ದೂ ಅವರೇ.

ನೀವು ಹೊರಡುವಾಗ ಇವಿಷ್ಟು ನೆನಪಿರಲಿ:

* ಸೋಮವಾರ ರಜೆ. ಉಳಿದ ದಿನದ ವೇಳೆ ಮೊದಲೇ ವಿಚಾರಿಸಿ.
* ಸೀರೆಗಿಂತ ಚೂಡಿದಾರ್ ಅನುಕೂಲ. ಚಪ್ಪಲಿ ಜಾರದಂತಿರಲಿ.
* ದೊಡ್ಡ ಬ್ಯಾಗ್ ರೂಮಿನಲ್ಲೇ ಬಿಡಿ. ಕಾಯಲು ಯಾರನ್ನೂ ಕೂರಿಸುವ ಪ್ರಮೇಯ ಬರುವುದಿಲ್ಲ.
* ಇಕ್ಕಟ್ಟಿನಲ್ಲಿ ಉಸಿರು ಕಟ್ಟಿದಂತಾಗುವವರು, ಚಿಕ್ಕ ಮಕ್ಕಳು ಇದ್ದರೆ ಜನ ಕಡಿಮೆಯಿರುವ ಹೊತ್ತಿಗೆ ಹೋಗಿ.
* ಹಿರಿಯರಿಗೆ ಆಗುತ್ತೋ ಇಲ್ಲವೋ ಎಂದು ನೀವೇ ತೀರ್ಮಾನಿಸಬೇಡಿ. ಮೆಟ್ಟಿಲೆಷ್ಟು, ಜಾಗವೆಷ್ಟು ಅಂತ ಹೇಳಿ, ಅವರನ್ನೇ ಕೇಳಿ. 'ಬೇಡ' ಎಂದರೆ ಒಬ್ಬರು ಜೊತೆಗೆ ಕೂತರಾಯಿತು.

ಈಗ ನಮ್ಮ ಮನೆಗೆ ಯಾರೇ ಬಂದರೂ ಜಲಾಂತರ್ಗಾಮಿಯ ಕಥೆ ಹೇಳುವವರು ಅತ್ತೆಯೇ. ನಮಗ್ಯಾರಿಗೂ ಬಾಯಿ ಹಾಕಲು ಬಿಡುವುದಿಲ್ಲ!