ಹಿತ್ತಲಿಗೆ ಬರುವ ಸದ್ದು ತಡೆಯೋಣ

ಹಿತ್ತಲು ನಮ್ಮ ಜಾಗ. ಪಾತ್ರೆ ತೊಳೆಯೋದು ಅಲ್ಲಿ. ಹಪ್ಪಳ ಒಣಗಿಸೋದು ಅಲ್ಲಿ. ಸಂಜೆ ಕೂತು ನಾಲ್ಕು ಮಾತು ಆಡೋದೂ ಅಲ್ಲೇ. ಆದರೆ ರಸ್ತೆ ಹತ್ತಿರದ ಮನೆಗಳಲ್ಲಿ ಆ ಮಾತೇ ಕೇಳಿಸೋದಿಲ್ಲ.

ನಮ್ಮ ಹಿರಿಯೂರು, ಚಿತ್ರದುರ್ಗದ ಪಕ್ಕದಲ್ಲಿ ಬೆಂಗಳೂರು–ಪುಣೆ ಹೆದ್ದಾರಿ ಹೋಗುತ್ತದೆ. ಅದರ ಹಳೆಯ ನಂಬರು 4. ಈಗ 48. ಹಗಲು ರಾತ್ರಿ ಲಾರಿ ಓಡುತ್ತವೆ. ಹೊಳಲ್ಕೆರೆಗೆ ಶಿವಮೊಗ್ಗದ ರಸ್ತೆ ಇದೆ. ಹೊಸದುರ್ಗದ ಪೇಟೆಯಲ್ಲಿ ಬಸ್ಸು, ಟ್ರ್ಯಾಕ್ಟರು.

ಸದ್ದು ಇದ್ದರೆ ಏನಂತೆ? ನಿದ್ದೆ ಕೆಡುತ್ತದೆ. ಮಕ್ಕಳಿಗೆ ಓದು ತಲೆಗೆ ಹತ್ತೋದಿಲ್ಲ. ವರ್ಷಗಟ್ಟಲೆ ಇದ್ದರೆ ರಕ್ತದ ಒತ್ತಡ ಏರಬಹುದು.

ಗಿಡ ನೆಟ್ಟರೆ ಸಾಕೇ?

ಸಾಲದು. ಒಂದು ಸಾಲು ಗಿಡದ ಎಲೆಗಳ ಸಂದಿಯಲ್ಲಿ ಸದ್ದು ನುಗ್ಗಿ ಬರುತ್ತದೆ. ನೂರು ಅಡಿ ದಪ್ಪದ ತೋಪು ಇದ್ದರೆ ಸದ್ದು ಸ್ವಲ್ಪ ತಗ್ಗೀತು. ಅಷ್ಟು ಜಾಗ ನಮಗೆಲ್ಲಿದೆ?

ಸದ್ದು ತಡೆಯೋದು ಭಾರವಾದ, ಸಂದಿಯಿಲ್ಲದ ಗೋಡೆ. ನಮ್ಮ ಕಡೆಯವರಿಗೆ ಗೋಡೆ ಹೊಸದೇ? ಚಿತ್ರದುರ್ಗದ್ದು ಏಳು ಸುತ್ತಿನ ಕೋಟೆ! ನಮಗೆ ಒಂದು ಸುತ್ತೂ ಬೇಡ. ರಸ್ತೆ ಕಡೆಗೆ ಒಂದು ಗೋಡೆ ಸಾಕು.

ಹೇಗೆ ಕಟ್ಟೋದು?

1. ಕಲ್ಲು, ಇಟ್ಟಿಗೆ, ಮಣ್ಣು, ಯಾವುದಾದರೂ ಸರಿ. ಜಾಗ ಇದ್ದರೆ ಮಣ್ಣಿನ ದಿಬ್ಬವೂ ಆಗುತ್ತದೆ. ತಗಡು, ತಡಿಕೆ ಹಗುರ. ಅವುಗಳಿಂದ ಅಷ್ಟು ಉಪಯೋಗವಿಲ್ಲ.

2. ಎಷ್ಟು ಎತ್ತರ? ನೀವು ಕೂರುವ ಕಲ್ಲಿನ ಮೇಲೆ ಕೂತು ನೋಡಿ. ಲಾರಿ ಕಣ್ಣಿಗೆ ಕಂಡರೆ ಸದ್ದೂ ನೇರವಾಗಿ ಬರುತ್ತದೆ. ಲಾರಿ ಮರೆಯಾಗುವಷ್ಟು ಎತ್ತರ ಬೇಕು.

3. ಗೋಡೆ ರಸ್ತೆಗೆ ಹತ್ತಿರ ಇರಲಿ. ಇಲ್ಲವೇ ನೀವು ಕೂರುವ ಜಾಗಕ್ಕೆ ಹತ್ತಿರ ಇರಲಿ. ನಡುವೆ ಬೇಡ.

4. ಬಿರುಕು ಬಿಡಬೇಡಿ. ನೀರು ಸೋರುವ ಹಾಗೆ ಸದ್ದೂ ಸೋರುತ್ತದೆ.

5. ಪಾಯ ಗಟ್ಟಿ ಇರಲಿ. ಗಾರೆ ಕೆಲಸದವರನ್ನು ಕೇಳಿಯೇ ಕಟ್ಟಿಸಿ. ಬಿದ್ದರೆ ಮಕ್ಕಳಿಗೆ ಅಪಾಯ.

ಗೋಡೆ ಕಟ್ಟಿದರೂ ಸ್ವಲ್ಪ ಸದ್ದು ಮೇಲಿಂದ ಹಾರಿ ಬರುತ್ತದೆ. ಆದರೆ ಮಾತು ಕೇಳಿಸುತ್ತದೆ.

ಹಾಗಾದರೆ ಗಿಡ ಬೇಡವೇ?

ಖಂಡಿತ ಬೇಕು. ಗಿಡ ಧೂಳು ಹಿಡಿಯುತ್ತದೆ, ನೆರಳು ಕೊಡುತ್ತದೆ. ಎಲೆಗಳ ಸರಸರ ಸದ್ದು ಕಿವಿಗೆ ಹಿತ. ನಮ್ಮದು ಮಳೆ ಕಡಿಮೆ ಇರುವ ಸೀಮೆ. ಬೇವು, ಹೊಂಗೆ ಇಲ್ಲಿ ಚೆನ್ನಾಗಿ ಬರುತ್ತವೆ. ಬೇರು ಗೋಡೆ ಸೀಳದ ಹಾಗೆ ದೂರ ನೆಡಿ. ಗೋಡೆ ಪಕ್ಕಕ್ಕೆ ಆಡುಸೋಗೆ ಹಾಕಿ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆದರೆ ಆಡುಸೋಗೆಯನ್ನು ಆಡು ಮುಟ್ಟೋದಿಲ್ಲ! ಮಳೆಗಾಲದ ಆರಂಭದಲ್ಲಿ ನೆಡಿ. ಆಮೇಲೆ ಪಾತ್ರೆ ತೊಳೆದ ನೀರು ಸಾಕು.

ಕಾನೂನೂ ಇದೆ

ಗೋಡೆ ಕಟ್ಟಲು ಎಲ್ಲರಿಗೂ ಹಣ ಎಲ್ಲಿದೆ? ಆದ್ದರಿಂದ ಸದ್ದು ಹುಟ್ಟುವ ಕಡೆಯೇ ತಡೆಯಬೇಕು. 2000ನೇ ಇಸವಿಯಲ್ಲಿ ಶಬ್ದ ಮಾಲಿನ್ಯ ನಿಯಮಗಳು ಬಂದವು. ಜನ ವಾಸಿಸುವ ಕಡೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತುರ್ತು ಇದ್ದರೆ ಮಾತ್ರ ಹಾರ್ನ್ ಹೊಡೆಯಬಹುದು. ಸುಮ್ಮನೆ ಹೊಡೆಯುವಂತಿಲ್ಲ.

ಒಬ್ಬರೇ ಹೋದರೆ ಕೇಳೋರು ಕಡಿಮೆ. ಸಂಘದ ಅಕ್ಕತಂಗಿಯರೆಲ್ಲ ಸೇರೋಣ. "ನಮ್ಮ ಬೀದಿಗೆ ಹಾರ್ನ್ ನಿಷೇಧದ ಫಲಕ ಹಾಕಿಸಿ" ಅಂತ ಪಂಚಾಯಿತಿಗೆ ಅರ್ಜಿ ಕೊಡೋಣ. ಅರ್ಜಿ ಬರೆಯಲು ಈಗ ಇನ್ನೊಬ್ಬರು ಬೇಕಿಲ್ಲ. ನಾವೇ ಬರೆಯೋಣ. ಹೆಬ್ಬೆಟ್ಟು ಬೇಡ, ನಮ್ಮ ಸಹಿ ಹಾಕೋಣ.