ಒಂದೇ ಒಂದು, ಆದರೆ ಎಷ್ಟು ಹೊತ್ತು?

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಪಿಎಚ್‌ಪಿಯಲ್ಲಿ ‘ಎಣಿಕೆ’ ಎಂಬ ಕ್ಲಾಸ್ ಬರೆಯಿರಿ. ಅದರೊಳಗೆ ಸೊನ್ನೆಯಿಂದ ಶುರುವಾಗುವ ಒಂದು ಸಂಖ್ಯೆ ಇರಲಿ, ಕರೆದಾಗಲೆಲ್ಲ ಒಂದು ಹೆಚ್ಚಲಿ. ಈ ಕ್ಲಾಸ್‌ನಿಂದ ಒಂದೇ ಆಬ್ಜೆಕ್ಟ್ ಹುಟ್ಟುವಂತೆ ಕಟ್ಟು ಹಾಕಿ. ಪುಟದ ಮೂರು ಕಡೆಯಿಂದ ಕರೆದರೆ 1, 2, 3 ಎಂದು ಮೂಡುತ್ತದೆ. ಅಂದರೆ ಮೂರೂ ಕಡೆ ಸಿಕ್ಕಿದ್ದು ಒಂದೇ ಆಬ್ಜೆಕ್ಟ್. ಈಗ ಪುಟವನ್ನು ರಿಫ್ರೆಶ್ ಮಾಡಿ. 4, 5, 6 ಬರಬೇಕಲ್ಲವೇ? ಬರುವುದಿಲ್ಲ. ಮತ್ತೆ 1, 2, 3. ನೂರು ಸಲ ಒತ್ತಿದರೂ ಅಷ್ಟೇ.

ಈ ಕಟ್ಟಿಗೆ ಸಿಂಗಲ್ಟನ್ ಎಂದು ಹೆಸರು. ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸಿಡಿಸ್ ಎಂಬ ನಾಲ್ವರು 1994ರಲ್ಲಿ ಹೊರತಂದ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕದ 23 ವಿನ್ಯಾಸಗಳಲ್ಲಿ ಇದೂ ಒಂದು. ಕೆಲಸ ಸರಳ. ಕನ್‌ಸ್ಟ್ರಕ್ಟರನ್ನು ಪ್ರೈವೇಟ್ ಮಾಡಿದರೆ ಹೊರಗಿನವರು ಹೊಸ ಆಬ್ಜೆಕ್ಟ್ ಸೃಷ್ಟಿಸಲಾರರು. ಕ್ಲಾಸ್‌ನೊಳಗೇ ಒಂದು ಸ್ಟ್ಯಾಟಿಕ್ ಜಾಗ ಇಟ್ಟು, ಮೊದಲು ಕೇಳಿದವರಿಗಾಗಿ ಆಬ್ಜೆಕ್ಟ್ ಮಾಡಿ ಅಲ್ಲಿ ಕೂರಿಸಬೇಕು. ಆಮೇಲೆ ಕೇಳಿದವರಿಗೆಲ್ಲ ಅದನ್ನೇ ಕೊಡಬೇಕು.

ಜಾವಾದಲ್ಲಿ ಇಂಥ ಆಬ್ಜೆಕ್ಟ್ ಒಮ್ಮೆ ಹುಟ್ಟಿದರೆ ಸರ್ವರ್ ನಿಲ್ಲಿಸುವವರೆಗೂ ಇರುತ್ತದೆ, ದೇವಸ್ಥಾನದ ಮೂಲವಿಗ್ರಹದ ಹಾಗೆ. ಬಂದ ಭಕ್ತರೆಲ್ಲರಿಗೂ ಅದೇ ದೇವರು. ಪಿಎಚ್‌ಪಿಯ ಸಿಂಗಲ್ಟನ್ ಚೌತಿಯ ಮಣ್ಣಿನ ಗಣಪ. ಮನೆಗೆ ಒಂದೇ ಗಣಪ, ನಿಜ. ಆದರೆ ಪಕ್ಕದ ಮನೆಯಲ್ಲಿ ಇನ್ನೊಂದು, ಬೀದಿಯಲ್ಲಿ ಇಪ್ಪತ್ತು. ಪೂಜೆ ಮುಗಿದರೆ ವಿಸರ್ಜನೆ, ಮುಂದಿನ ವರ್ಷ ಹೊಸ ಮಣ್ಣು. ಇಲ್ಲಿ ಒಂದು ರಿಕ್ವೆಸ್ಟ್ ಎಂದರೆ ಒಂದು ಮನೆ, ಒಂದು ಹಬ್ಬ. ಉತ್ತರ ಬ್ರೌಸರ್‌ಗೆ ಹೋದ ಕೂಡಲೇ ಸ್ಕ್ರಿಪ್ಟ್ ಕಟ್ಟಿದ್ದೆಲ್ಲ ನೀರುಪಾಲು.

ಇದರ ಬೇರು ಪಿಎಚ್‌ಪಿ ಭಾಷೆಯ ಹುಟ್ಟಿನಲ್ಲೇ ಇದೆ. ಗ್ರೀನ್‌ಲ್ಯಾಂಡ್‌ನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತಮ್ಮ ಸ್ವಂತ ಪುಟಕ್ಕಾಗಿ ಸಿ ಭಾಷೆಯಲ್ಲಿ ಕೆಲವು ಪುಟ್ಟ ಸಿಜಿಐ ಪ್ರೋಗ್ರಾಮ್‌ಗಳನ್ನು ಬರೆದರು. 1995ರ ಜೂನ್‌ನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಸಿಜಿಐ ಪದ್ಧತಿಯಲ್ಲಿ ಪ್ರತಿ ಭೇಟಿಗೂ ಪ್ರೋಗ್ರಾಮ್ ಹೊಸದಾಗಿ ಎದ್ದು, ಉತ್ತರ ಬರೆದು, ಸಾಯುತ್ತಿತ್ತು. ಇಂದಿನ ಪಿಎಚ್‌ಪಿ-ಎಫ್‌ಪಿಎಂನಲ್ಲಿ ಪ್ರಾಸೆಸ್ ಸಾಯುವುದಿಲ್ಲ, ಒಂದರ ಹಿಂದೆ ಒಂದು ರಿಕ್ವೆಸ್ಟ್ ನೋಡಿಕೊಳ್ಳುತ್ತದೆ. ಆದರೂ ಪ್ರತಿಯೊಂದರ ಕೊನೆಗೆ ಸ್ಲೇಟು ಒರೆಸಿದಂತೆ ಸ್ಟ್ಯಾಟಿಕ್ ಜಾಗಗಳನ್ನೂ ಒರೆಸಿಬಿಡುತ್ತದೆ.

ಕನ್ನಡ ವಿಕಿಪೀಡಿಯದಲ್ಲಿ ನೀವು ಒಂದು ಲೇಖನ ತಿದ್ದಿ ಉಳಿಸಿದಾಗಲೂ ನಡೆಯುವುದು ಇದೇ. ಅದರ ಹಿಂದಿರುವ ಮೀಡಿಯಾವಿಕಿ ಪಿಎಚ್‌ಪಿಯಲ್ಲಿ ಬರೆದದ್ದು. ಅದರಲ್ಲಿ ‘ಮೀಡಿಯಾವಿಕಿ ಸರ್ವೀಸಸ್’ ಎಂಬ ಒಂದು ಕೇಂದ್ರ ಆಬ್ಜೆಕ್ಟ್ ಇದೆ. ಉಳಿದ ಕೋಡು ತನಗೆ ಬೇಕಾದ್ದನ್ನು ಅದರ ಹತ್ತಿರ ಕೇಳಿ ಪಡೆಯುತ್ತದೆ. ನಿಮ್ಮ ತಿದ್ದುಪಡಿಗೆ ಒಂದು, ಅದೇ ಕ್ಷಣ ತಿದ್ದುತ್ತಿರುವ ಇನ್ನೊಬ್ಬರಿಗೆ ಬೇರೊಂದು. ಒಂದರ ತಪ್ಪು ಇನ್ನೊಂದಕ್ಕೆ ಅಂಟದು, ಪೋಲಾದ ಮೆಮೊರಿ ರಾಶಿ ಬೀಳದು. ಪಿಎಚ್‌ಪಿಯ ಮರೆವನ್ನು ದೋಷವೆಂದು ಹೇಳುವವರಿದ್ದಾರೆ. ನನಗೆ ಅದೇ ಈ ಭಾಷೆಯ ದೊಡ್ಡ ಗುಣ.

ಇದನ್ನು ತಿಳಿಯದೆ ಎಡವುವುದು ಡೇಟಾಬೇಸ್ ವಿಷಯದಲ್ಲಿ. ಕನೆಕ್ಷನ್ನನ್ನು ಸಿಂಗಲ್ಟನ್ ಮಾಡಿದ್ದೇವೆ, ಇಡೀ ಸೈಟಿಗೆ ಒಂದೇ ಕನೆಕ್ಷನ್ ಸಾಕು ಎಂದು ಎಷ್ಟೋ ಜನ ನೆಮ್ಮದಿಯಾಗಿರುತ್ತಾರೆ. ಲೆಕ್ಕ ಹಾಗಿಲ್ಲ. ಎಫ್‌ಪಿಎಂನಲ್ಲಿ 200 ವರ್ಕರ್ ಪ್ರಾಸೆಸ್‌ಗಳಿಗೆ ಅವಕಾಶ ಕೊಟ್ಟಿದ್ದರೆ, ಜನ ಮುಗಿಬಿದ್ದ ಹೊತ್ತಿನಲ್ಲಿ 200 ಸಿಂಗಲ್ಟನ್‌ಗಳು 200 ಕನೆಕ್ಷನ್ ಕೇಳುತ್ತವೆ. ಮೈಎಸ್‌ಕ್ಯೂಎಲ್ ತಾನಾಗಿ ಒಪ್ಪುವ ಮಿತಿ 151. ಉಳಿದವರಿಗೆ ಬಾಗಿಲು ಮುಚ್ಚಿದ ಸಂದೇಶ. ಭೇಟಿಯಿಂದ ಭೇಟಿಗೆ ಉಳಿಯಬೇಕಾದದ್ದನ್ನು ಡೇಟಾಬೇಸ್‌ನಲ್ಲೋ ರೆಡಿಸ್‌ನಲ್ಲೋ ಇಡಬೇಕೇ ಹೊರತು ಸಿಂಗಲ್ಟನ್‌ನಲ್ಲಲ್ಲ.

ಇನ್ನೊಂದು ಎಡವು ಇದಕ್ಕಿಂತ ಸೂಕ್ಷ್ಮ. ‘ಒಂಟಿ’ ಎಂಬ ತಾಯಿ ಕ್ಲಾಸ್ ಬರೆದು, ಸ್ಟ್ಯಾಟಿಕ್ ಜಾಗವನ್ನು ಅದರಲ್ಲೇ ಇಟ್ಟು, ‘ಲಾಗ್’ ಮತ್ತು ‘ಸಂರಚನೆ’ ಎಂಬ ಎರಡು ಮಕ್ಕಳನ್ನು ಅದರಿಂದ ಪಡೆದಿರಿ ಎನ್ನಿ. ಮೊದಲು ಲಾಗ್ ಕೇಳಿದಿರಿ, ಸಿಕ್ಕಿತು. ನಂತರ ಸಂರಚನೆ ಕೇಳಿದಿರಿ, ಕೈಗೆ ಬಂದದ್ದು ಮತ್ತೆ ಲಾಗ್! ತಾಯಿಯಲ್ಲಿ ಘೋಷಿಸಿದ ಸ್ಟ್ಯಾಟಿಕ್ ಜಾಗ ಮಕ್ಕಳಿಬ್ಬರಿಗೂ ಸೇರಿದ್ದು. ಮೊದಲು ಬಂದ ಮಗು ಅಲ್ಲಿ ಕೂತುಬಿಟ್ಟಿದೆ. ಎರಡನೆಯದನ್ನು ಕೇಳಿದಾಗ ಕೋಡು ‘ಜಾಗ ಭರ್ತಿಯಾಗಿದೆ’ ಎಂದು ಕೂತಿರುವುದನ್ನೇ ಎತ್ತಿ ಕೊಡುತ್ತದೆ. ಪ್ರತಿ ಮಗುವಿನಲ್ಲೂ ಆ ಜಾಗವನ್ನು ಮತ್ತೆ ಘೋಷಿಸಿ, ‘ಸೆಲ್ಫ್’ ಬದಲು ‘ಸ್ಟ್ಯಾಟಿಕ್’ ಎಂದು ಬರೆದರೆ ಸರಿಹೋಗುತ್ತದೆ. 2009ರ 5.3 ಆವೃತ್ತಿಯಿಂದ ಈ ಅನುಕೂಲ ಇದೆ. ಆಬ್ಜೆಕ್ಟನ್ನು ಕ್ಲೋನ್ ಮಾಡಿದರೂ, ಸೀರಿಯಲೈಸ್ ಮಾಡಿ ಮತ್ತೆ ಬಿಚ್ಚಿದರೂ ಎರಡನೆಯದು ಹುಟ್ಟುತ್ತದೆ, ಆ ಬಾಗಿಲುಗಳನ್ನೂ ಮುಚ್ಚಬೇಕು.

ಈಗ ಕಾಲ ಬದಲಾಗುತ್ತಿದೆ. ಸ್ವೂಲ್, ರೋಡ್‌ರನ್ನರ್, ಫ್ರಾಂಕೆನ್‌ಪಿಎಚ್‌ಪಿ ಮುಂತಾದ ಸರ್ವರ್‌ಗಳು ವೇಗಕ್ಕಾಗಿ ಆ ಒರೆಸುವ ಕೆಲಸವನ್ನೇ ಕೈಬಿಡಬಲ್ಲವು. ಆ್ಯಪ್ ಒಮ್ಮೆ ಎದ್ದು ಮೆಮೊರಿಯಲ್ಲೇ ಉಳಿದು, ಸಾವಿರಾರು ರಿಕ್ವೆಸ್ಟ್‌ಗಳಿಗೆ ಉತ್ತರಿಸುತ್ತದೆ. ಲಾರಾವೆಲ್ ಫ್ರೇಮ್‌ವರ್ಕ್ ಬಳಸುವವರು ಅದರ ಆಕ್ಟೇನ್ ಪ್ಯಾಕೇಜ್ ಮೂಲಕ ಇವುಗಳಿಗೆ ಹೋಗುತ್ತಾರೆ. ಅಲ್ಲಿ ನಮ್ಮ ಎಣಿಕೆ 4, 5, 6 ಎಂದು ಏರುತ್ತದೆ. ಮಣ್ಣಿನ ಗಣಪ ಹೇಳದೆ ಕೇಳದೆ ಮೂಲವಿಗ್ರಹವಾಗಿಬಿಟ್ಟಿದ್ದಾನೆ. ಏರುವುದು ಸಂಖ್ಯೆಯಷ್ಟೇ ಆದರೆ ಪರವಾಗಿಲ್ಲ. ‘ಈಗ ಲಾಗಿನ್ ಆಗಿರುವವರು ಯಾರು’ ಎಂಬುದನ್ನು ಒಂದು ಸಿಂಗಲ್ಟನ್ ಹಿಡಿದಿಟ್ಟಿದ್ದರೆ, ಹಿಂದಿನವರ ಹೆಸರು, ವಿಳಾಸ, ಬ್ಯಾಲೆನ್ಸ್ ಮುಂದೆ ಬಂದವರ ಪರದೆಯಲ್ಲಿ ಕಾಣಬಹುದು. ಹತ್ತು ವರ್ಷ ತೊಂದರೆ ಕೊಡದ ಕೋಡು, ಒಂದಕ್ಷರವೂ ಬದಲಾಗದೆ, ಹೀಗೆ ಅಪಾಯಕ್ಕೆ ತಿರುಗುತ್ತದೆ.

ಅಂಥ ಸರ್ವರ್‌ಗೆ ಹೋಗುವ ಯೋಚನೆ ನಿಮಗಿದ್ದರೆ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಕೋಡಿನಲ್ಲಿ ‘ಸ್ಟ್ಯಾಟಿಕ್’ ಎಂಬ ಪದ ಹುಡುಕಿ, ಸಿಕ್ಕ ಪ್ರತಿ ಜಾಗದಲ್ಲೂ ಬಳಕೆದಾರರ ಮಾಹಿತಿ ಇದೆಯೇ ನೋಡಿ. ಇದ್ದರೆ ಮೊದಲು ಅದನ್ನು ಅಲ್ಲಿಂದ ತೆಗೆಯಿರಿ, ಸರ್ವರ್ ಆಮೇಲೆ ಬದಲಿಸಿ.