ಕಡಲ ಗಾಳಿಯಲ್ಲಿ ಜನರ ಪಾಲೆಷ್ಟು?

ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸ್ತೀವಿ ಅಂದ್ರೆ ತೀರದ ಜನ ಒಪ್ತಾರಾ? ಒಪ್ಪೋದು ಬಿಡೋದು ಯಂತ್ರಕ್ಕಿಂತ ಹೆಚ್ಚಾಗಿ, ಅವರನ್ನು ಯಾವಾಗ ಕೇಳಿದಿರಿ ಅನ್ನೋದರ ಮೇಲಿದೆ ಎಂಬುದು ನನ್ನ ಅನಿಸಿಕೆ.

ಡೆನ್ಮಾರ್ಕಿನ ಉದಾಹರಣೆ ನೋಡಿ. ಕೋಪನ್‌ಹೇಗನ್ ತೀರದಿಂದ ಸುಮಾರು 3.5 ಕಿ.ಮೀ. ದೂರದಲ್ಲಿ ಮಿಡಲ್‌ಗ್ರುಂಡನ್ ಪವನ ವಿದ್ಯುತ್ ಸ್ಥಾವರವಿದೆ. ಮೊದಲ ಯೋಜನೆಯಲ್ಲಿ ಇದ್ದದ್ದು ಮೂರು ಸಾಲುಗಳಲ್ಲಿ 27 ಯಂತ್ರ. ಕಡಲ ನೋಟ ಕೆಡುತ್ತೆ ಎಂಬ ಆಕ್ಷೇಪ ಬಂತು. ಯೋಜನೆಯನ್ನೇ ತಿದ್ದಿ, ಬಿಲ್ಲಿನಂತೆ ಬಾಗಿದ ಒಂದೇ ಸಾಲಿನಲ್ಲಿ 20 ಯಂತ್ರ ನಿಲ್ಲಿಸಿದರು. 2000ದಲ್ಲಿ ಕಟ್ಟಿದ ಈ 40 ಮೆಗಾವಾಟ್ ಸ್ಥಾವರದ ಅರ್ಧ ಭಾಗ ನಗರದ ವಿದ್ಯುತ್ ಸಂಸ್ಥೆಯದ್ದು, ಉಳಿದರ್ಧ ಜನರ ಸಹಕಾರ ಸಂಘದ್ದು. 8,000ಕ್ಕೂ ಹೆಚ್ಚು ಮಂದಿ ಷೇರು ಕೊಂಡರು. ರೆಕ್ಕೆ ತಿರುಗಿದರೆ ತನಗೂ ನಾಲ್ಕು ಕಾಸು ಬರುತ್ತೆ ಅಂದಾಗ ಅದು ಅಷ್ಟಾಗಿ ಕಣ್ಣಿಗೆ ಚುಚ್ಚಲ್ಲ.

ಅಮೆರಿಕದ ಕೇಪ್ ವಿಂಡ್ ಕತೆ ಬೇರೆ. ಮ್ಯಾಸಚೂಸೆಟ್ಸ್ ತೀರದಲ್ಲಿ 130 ಯಂತ್ರ ನಿಲ್ಲಿಸುವ ಪ್ರಸ್ತಾಪವನ್ನು ಖಾಸಗಿ ಕಂಪನಿಯೊಂದು 2001ರಲ್ಲಿ ಮುಂದಿಟ್ಟಿತು. ತೀರದ ಶ್ರೀಮಂತ ಮನೆಮಾಲೀಕರಷ್ಟೇ ಅಲ್ಲ, ಮೀನುಗಾರರು, ಮೂಲನಿವಾಸಿ ಸಮುದಾಯಗಳೂ ವಿರೋಧಿಸಿದರು. ಕೋರ್ಟು, ಕೇಸು ಅಂತ ವರ್ಷಗಳು ಕಳೆದವು, ವಿದ್ಯುತ್ ಖರೀದಿ ಒಪ್ಪಂದಗಳೂ ಕೈತಪ್ಪಿದವು. 2017ರಲ್ಲಿ ಒಂದೂ ಯಂತ್ರ ನೆಡದೆ ಯೋಜನೆ ಕೈಬಿಟ್ಟರು.

ಈಗ ನಮ್ಮ ದೇಶಕ್ಕೆ ಬರೋಣ. ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವಾಟ್ ಪವನ ವಿದ್ಯುತ್ತಿಗಾಗಿ 7,453 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕಲ್ಲಿದ್ದಲು ಬಿಡಬೇಕಾದರೆ ಇಂಥದ್ದು ಬೇಕು, ನಾನೂ ಒಪ್ತೀನಿ. ಆದರೆ ಇಲ್ಲಿ ಪ್ರಶ್ನೆ ನೋಟದ್ದಲ್ಲ, ಹೊಟ್ಟೆಪಾಡಿನದು. ಯಂತ್ರಗಳ ನಡುವೆ ದೋಣಿ ಹೋಗಬಹುದಾ? ತಳದ ಕೇಬಲ್ಲಿಗೆ ಸಿಕ್ಕಿ ಬಲೆ ಹರಿದರೆ ನಷ್ಟ ಕಟ್ಟಿಕೊಡೋರು ಯಾರು? ದಿನದ ಮೀನಿನಲ್ಲಿ ಬದುಕುವವರಿಗೆ ಷೇರು ಕೊಳ್ಳಿ ಅನ್ನೋದು ಉತ್ತರವಾಗಲ್ಲ.

ಈ ಯೋಜನೆಯಲ್ಲಿ ಕರ್ನಾಟಕ ಇಲ್ಲ ನಿಜ. ಆದರೆ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ಬೀದಿಗಿಳಿದದ್ದನ್ನು ನಾವು ಕಂಡಿದ್ದೇವೆ. ಹಾಗಾಗಿ ಟೆಂಡರಿಗೆ ಮೊದಲೇ ಮೀನುಗಾರರ ಜೊತೆ ಕೂತು, ಯಾವ ಕಾಲಕ್ಕೆ ಎಲ್ಲಿ ಬಲೆ ಬೀಸ್ತಾರೆ ಅನ್ನೋದರ ನಕ್ಷೆ ಬರೆಯಬೇಕು. ದೋಣಿಯ ದಾರಿ, ಪರಿಹಾರ, ದುರಸ್ತಿ ಕೆಲಸದಲ್ಲಿ ಸ್ಥಳೀಯರ ಪಾಲು, ಎಲ್ಲವೂ ಬರಹದಲ್ಲಿರಬೇಕು. ಎಲ್ಲಾ ತೀರ್ಮಾನಿಸಿದ ಮೇಲೆ ಶಾಮಿಯಾನ ಹಾಕಿ ಕರೆಯುವ ಅಹವಾಲು ಸಭೆಯಲ್ಲಿ ಸಿಗುವುದು ಸಹಿ ಮಾತ್ರ, ಬೆಂಬಲ ಅಲ್ಲ.